ಸುತ್ತಿಗೆ ಹಿಡಿಯುವವರಿಗೆ ಅಪ್ಪಣೆ ಕೊಡುವವರು ಯಾರು?

2022ರ ಫೆಬ್ರುವರಿ 12ರಂದು ಬೆಂಗಳೂರಿನ ಹೋಟೆಲೊಂದರಲ್ಲಿ ಐಪಿಎಲ್ ಕ್ರಿಕೆಟ್ ಆಟಗಾರರ ಹರಾಜು ನಡೆಯುತ್ತಿತ್ತು. ಶ್ರೀಲಂಕಾದ ವನಿಂದು ಹಸರಂಗ ಅವರ ಹೆಸರು ಕೂಗಿ, ಸವಾಲು ಕೋಟಿ ಕೋಟಿಯಾಗಿ ಏರುತ್ತಿದ್ದ ಹೊತ್ತಿನಲ್ಲಿ ಹರಾಜು ನಡೆಸುತ್ತಿದ್ದ ಹ್ಯೂ ಎಡ್ಮೀಡ್ಸ್ ವೇದಿಕೆಯ ಮೇಲೆ ಕುಸಿದುಬಿದ್ದರು. ಅವರು ಲಂಡನ್ನಿನ ಕ್ರಿಸ್ಟೀಸ್ ಸಂಸ್ಥೆಯಲ್ಲಿ ದಶಕಗಳ ಕಾಲ ಪಳಗಿದವರು. ರಕ್ತದೊತ್ತಡ ಇಳಿದು ತಲೆ ಸುತ್ತಿತ್ತೇ ಹೊರತು ಜೀವಕ್ಕೇನೂ ಅಪಾಯವಿರಲಿಲ್ಲ. ಆದರೆ ಹರಾಜು ನಿಲ್ಲುವಂತಿರಲಿಲ್ಲ. ಸಂಘಟಕರು ಬೆಂಗಳೂರಿನಲ್ಲೇ ಇದ್ದ ಕ್ರೀಡಾ ವೀಕ್ಷಕ ವಿವರಣೆಗಾರ ಚಾರು ಶರ್ಮಾ ಅವರಿಗೆ ಕರೆ ಕಳಿಸಿದರು. ಅವರು ಬಂದು, ಸುತ್ತಿಗೆ ಕೈಗೆತ್ತಿಕೊಂಡು, ನಿಂತಲ್ಲಿಂದಲೇ ಹರಾಜನ್ನು ಮುಂದುವರಿಸಿದರು. ನೂರಾರು ಕೋಟಿ ರೂಪಾಯಿಗಳ ವ್ಯವಹಾರ ಅವರ ಬಾಯಿಮಾತಿನ ಮೇಲೆ ನಡೆಯಿತು. ‘ನಿಮ್ಮಲ್ಲಿ ಪರವಾನಗಿ ಇದೆಯೇ?’ ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಅದೇ ಚಾರು ಶರ್ಮಾ ಸಕಲೇಶಪುರದ ಬೆಳೆಗಾರರೊಬ್ಬರ ಹತ್ತು ಮೂಟೆ ಏಲಕ್ಕಿಯನ್ನು ಹರಾಜು ಹಾಕಲು ಹೊರಟಿದ್ದರೆ ಕಾನೂನು ಅಡ್ಡ ಬರುತ್ತಿತ್ತು. ಅದಕ್ಕೆ ಸಂಬಾರ ಮಂಡಳಿಯ ಪರವಾನಗಿ ಬೇಕು. ಆಟಗಾರರ ಹರಾಜಿಗೆ ಬೇಡವಾದ ಅಪ್ಪಣೆ ಹತ್ತು ಮೂಟೆ ಏಲಕ್ಕಿಗೆ ಏಕೆ ಬೇಕು? ಈ ಉಪನ್ಯಾಸದ ವಸ್ತು ಆ ಪ್ರಶ್ನೆಯೇ. ಮೇಲ್ನೋಟಕ್ಕೆ ಇದು ಕಚೇರಿಯ ಕಾಗದಪತ್ರದ ವಿಷಯ. ಆದರೆ ಒಳಹೊಕ್ಕು ನೋಡಿದರೆ, ಬೇರೊಬ್ಬರ ಸೊತ್ತನ್ನು ಬೇರೊಬ್ಬರಿಗೆ ಮಾರಿ ಕೊಡುವವರನ್ನು ಸಮಾಜ ಎಷ್ಟರಮಟ್ಟಿಗೆ ನಂಬಬೇಕು ಎಂಬ ಹಳೆಯ ಪ್ರಶ್ನೆ ಇದರಲ್ಲಿ ಅಡಗಿದೆ.

ಮೊದಲು ಪದಗಳನ್ನೇ ನೋಡಬಹುದು. ‘ಹರಾಜು’ ಅರಬ್ಬಿ ಮೂಲದ ಮಾತು. ಉತ್ತರ ಕರ್ನಾಟಕದಲ್ಲಿ ಬಳಕೆಯಲ್ಲಿರುವ ‘ಲಿಲಾವು’ ಪೋರ್ಚುಗೀಸರ ‘ಲೇಯ್ಲಾಂವ್’ ಎಂಬ ಪದದಿಂದ ಮರಾಠಿಯ ಮೂಲಕ ಬಂದದ್ದು. ಕರಾವಳಿಯ ‘ಏಲಂ’, ಮಲೆಯಾಳದ ‘ಲೇಲಂ’ ಅದೇ ಕುಟುಂಬದವು. ‘ಸವಾಲು’ ಎಂದರೆ ಅರಬ್ಬಿಯಲ್ಲಿ ಪ್ರಶ್ನೆ. ಕನ್ನಡದಲ್ಲಿ ಅದು ಪಂಥವೂ ಹೌದು, ಹರಾಜಿನಲ್ಲಿ ಕೂಗುವ ಬೆಲೆಯೂ ಹೌದು. ತಮಿಳಿನಲ್ಲಂತೂ ‘ಏಲಂ’ ಎಂದರೆ ಹರಾಜು, ಏಲಕ್ಕಿ ಎರಡೂ ಆಗುತ್ತದೆ. ಇಷ್ಟು ಬಂದರುಗಳ, ಇಷ್ಟು ಸಂತೆಗಳ ಮಾತುಗಳು ಒಂದೇ ಕೆಲಸಕ್ಕೆ ಸೇರಿಕೊಂಡಿರುವುದನ್ನು ನೋಡಿದರೆ, ಈ ಕೆಲಸ ನಮ್ಮ ನೆಲದಲ್ಲಿ ಎಷ್ಟು ಆಳವಾಗಿ ಬೇರೂರಿದೆ ಎಂಬುದು ತಿಳಿಯುತ್ತದೆ. ಜಾತ್ರೆ ಮುಗಿದ ಮೇಲೆ ದೇವರಿಗೆ ಬಂದ ತೆಂಗಿನಕಾಯಿಯನ್ನು ಸವಾಲು ಹಾಕುವುದು, ಮಲ್ಪೆಯ ದಕ್ಕೆಯಲ್ಲಿ ಬೆಳಗಿನ ಜಾವ ಮೀನಿನ ರಾಶಿ ಏಲಂ ಕೂಗುವುದು, ಚರ್ಚಿನ ಬೆಳೆಹಬ್ಬದಲ್ಲಿ ಬಾಳೆಗೊನೆ ಮಾರುವುದು, ಇವೆಲ್ಲ ಯಾವ ಪರವಾನಗಿಯೂ ಇಲ್ಲದೆ ನಡೆದುಬಂದಿವೆ. ಊರಿನವರೆಲ್ಲ ಎದುರಿಗಿರುತ್ತಾರೆ; ಕೂಗುವವರು ಯಾರು, ವಸ್ತು ಯಾರದು, ಹಣ ಎಲ್ಲಿಗೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಅಲ್ಲಿ ಊರಿನ ಕಣ್ಣೇ ಪರವಾನಗಿ. ಆ ಕಣ್ಣು ತಲುಪದ ಕಡೆ ಸರ್ಕಾರ ಬಂದಿದೆ.

ರೋಮಿನ ಈಟಿ

ಹರಾಜುಗಾರರನ್ನು ಕಾನೂನು ಸಂಶಯದಿಂದ ನೋಡಿದ್ದು ಇತ್ತೀಚಿನ ಮಾತಲ್ಲ. ಪ್ರಾಚೀನ ರೋಮಿನಲ್ಲಿ ನೆಲಕ್ಕೊಂದು ಈಟಿ ನೆಟ್ಟು ಹರಾಜು ನಡೆಸುತ್ತಿದ್ದರು. ಸ್ಪಾನಿಷ್ ಭಾಷೆಯಲ್ಲಿ ಇವತ್ತಿಗೂ ಹರಾಜಿಗೆ ‘ಸುಬಾಸ್ತಾ’, ಅಂದರೆ ‘ಈಟಿಯ ಕೆಳಗೆ’, ಎಂದೇ ಹೆಸರು. ಬೆಲೆ ಕೂಗುವವನಿಗೆ ‘ಪ್ರೈಕೋ’ ಎನ್ನುತ್ತಿದ್ದರು. ಲೆಕ್ಕ ಬರೆದು ಹಣ ಒದಗಿಸಲು ಸಾಹುಕಾರನೊಬ್ಬ ಬೇರೆ ಇರುತ್ತಿದ್ದ. ಕೂಗುವ ವೃತ್ತಿಯಲ್ಲಿ ಇರುವವರೆಗೆ ಪ್ರೈಕೋ ಪಟ್ಟಣದ ಆಡಳಿತದಲ್ಲಿ ಅಧಿಕಾರ ಹಿಡಿಯುವಂತಿಲ್ಲ ಎಂದು ರೋಮಿನ ಶಾಸನವೊಂದು ಹೇಳುತ್ತಿತ್ತು. ಹೆಣ ಸಾಗಿಸುವ ವೃತ್ತಿಯವರಿಗೂ ಅದೇ ನಿಷೇಧವಿತ್ತು. ಚಕ್ರವರ್ತಿ ಅಗಸ್ಟಸ್ ಹರಾಜಿನ ಮೇಲೆ ನೂರಕ್ಕೆ ಒಂದರಂತೆ ತೆರಿಗೆಯನ್ನೂ ಹಾಕಿದ.

ಅದೇ ರೋಮಿನಲ್ಲಿ ಕ್ರಿ.ಶ. 193ರಲ್ಲಿ ಚರಿತ್ರೆಯ ಅತಿ ವಿಚಿತ್ರ ಹರಾಜೊಂದು ನಡೆಯಿತು. ಅರಮನೆಯ ಕಾವಲು ಪಡೆಯವರು ಚಕ್ರವರ್ತಿ ಪರ್ಟಿನ್ಯಾಕ್ಸನನ್ನು ಕೊಂದು, ಸಿಂಹಾಸನವನ್ನೇ ಸವಾಲಿಗೆ ಇಟ್ಟರು. ಡಿಡಿಯಸ್ ಜೂಲಿಯಾನಸ್ ಎಂಬ ಶ್ರೀಮಂತ ತಲೆಗೆ 25,000 ಸೆಸ್ಟರ್ಸ್ ನಾಣ್ಯಗಳಂತೆ ಸೈನಿಕರಿಗೆ ಕೊಡಲು ಒಪ್ಪಿ ಸಾಮ್ರಾಜ್ಯವನ್ನು ಕೊಂಡ. ಅವನ ಆಳ್ವಿಕೆ ಉಳಿದದ್ದು 66 ದಿನ. ಆಮೇಲೆ ಅವನನ್ನೂ ಕೊಂದರು. ಈ ಹರಾಜಿನಲ್ಲಿ ಸವಾಲಿಗೆ ಕೊರತೆಯಿರಲಿಲ್ಲ, ಬೆಲೆಯೂ ಚೆನ್ನಾಗಿಯೇ ಬಂತು. ಮಾರುವವರಿಗೆ ಆ ವಸ್ತುವನ್ನು ಮಾರುವ ಹಕ್ಕು ಇತ್ತೇ ಎಂಬ ಒಂದೇ ಒಂದು ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಈ ಪ್ರಶ್ನೆ ಮುಂದೆಯೂ ಬರುತ್ತದೆ.

ಮೂರು ದೇಶ, ಮೂರು ಕಾರಣ

ಆಧುನಿಕ ಕಾಲದಲ್ಲಿ ಹರಾಜುಗಾರರಿಗೆ ಪರವಾನಗಿ ಬಂದದ್ದು ಒಂದೊಂದು ದೇಶದಲ್ಲಿ ಒಂದೊಂದು ಕಾರಣಕ್ಕೆ. ಇಂಗ್ಲೆಂಡಿನ ಕಾರಣ ಬೊಕ್ಕಸ. ಅಮೆರಿಕದ ವಸಾಹತುಗಳೊಡನೆ ಯುದ್ಧ ನಡೆಯುತ್ತಿದ್ದಾಗ, 1777ರಲ್ಲಿ, ಹಣ ಹೊಂದಿಸಲು ಅಲ್ಲಿನ ಸರ್ಕಾರ ಹರಾಜಿನ ಮೇಲೆ ಸುಂಕವನ್ನೂ ಹರಾಜುಗಾರರ ಮೇಲೆ ಪರವಾನಗಿಯನ್ನೂ ಹೇರಿತು. 1845ರಲ್ಲಿ ಸುಂಕ ಹೋಗಿ, ವರ್ಷಕ್ಕೆ 10 ಪೌಂಡುಗಳ ಏಕರೂಪದ ಪರವಾನಗಿ ಶುಲ್ಕ ಬಂತು. ಆ ಹತ್ತು ಪೌಂಡು ಕಟ್ಟಿದವರೆಲ್ಲ ಹರಾಜುಗಾರರೇ. ಪರೀಕ್ಷೆಯಿಲ್ಲ, ತರಬೇತಿಯಿಲ್ಲ, ನಡತೆಯ ವಿಚಾರಣೆಯೂ ಇಲ್ಲ. 1949ರಲ್ಲಿ ಈ ಪರವಾನಗಿಯನ್ನೇ ತೆಗೆದುಹಾಕಿದರು. ಸದಬೀಸ್, ಕ್ರಿಸ್ಟೀಸ್, ಬೊನಾಮ್ಸ್‌ನಂಥ ಜಗತ್ಪ್ರಸಿದ್ಧ ಹರಾಜು ಮನೆಗಳಿರುವ ಬ್ರಿಟನ್ನಿನಲ್ಲಿ ಇವತ್ತು ಹರಾಜುಗಾರರಾಗಲು ಸರ್ಕಾರದ ಪರವಾನಗಿ ಬೇಕಿಲ್ಲ ಎಂದರೆ ಹಲವರಿಗೆ ಆಶ್ಚರ್ಯವಾದೀತು. ಆದರೆ 1845ರ ಕಾಯ್ದೆಯ ಒಂದು ಮಾತು ಉಳಿದುಕೊಂಡಿದೆ: ಹರಾಜು ನಡೆಸುವವರು ತಮ್ಮ ಪೂರ್ತಿ ಹೆಸರು ಮತ್ತು ವಿಳಾಸವನ್ನು ಎಲ್ಲರಿಗೂ ಕಾಣುವಂತೆ ಫಲಕದ ಮೇಲೆ ಬರೆದು ತೂಗುಹಾಕಬೇಕು. ಮೋಸವಾದರೆ ಹಿಡಿಯಲು ಒಂದು ಹೆಸರು, ಹೋಗಲು ಒಂದು ಮನೆ ಇರಬೇಕಲ್ಲ! 1927ರಲ್ಲಿ ಇನ್ನೊಂದು ಕಾಯ್ದೆ ಬಂದು, ವ್ಯಾಪಾರಿಗಳು ಒಳಗೊಳಗೇ ಮಾತಾಡಿಕೊಂಡು ಪರಸ್ಪರ ಸವಾಲು ಹಾಕದೆ ಬೆಲೆ ಇಳಿಸುವ ‘ಕೂಟ’ಗಳನ್ನು ಅಪರಾಧವೆಂದು ಸಾರಿತು. ಅಂದರೆ ಇಂಗ್ಲೆಂಡು ವ್ಯಕ್ತಿಯನ್ನು ಅಳೆಯುವುದನ್ನು ಬಿಟ್ಟು ನಡವಳಿಕೆಯನ್ನು ಅಳೆಯತೊಡಗಿತು.

ಫ್ರಾನ್ಸಿನ ಕಥೆ ಬೇರೆ. ದೊರೆ ಎರಡನೆಯ ಹೆನ್ರಿ 1556ರಲ್ಲಿ ಹೊರಡಿಸಿದ ಆಜ್ಞೆಯೊಂದು, ಚರಸೊತ್ತುಗಳ ಬೆಲೆ ಕಟ್ಟಿ ಮಾರುವ ಕೆಲಸವನ್ನು ಸರ್ಕಾರಿ ಹುದ್ದೆಯನ್ನಾಗಿಸಿತು. ಹುದ್ದೆಯನ್ನು ಹಣ ಕೊಟ್ಟು ಕೊಳ್ಳಬೇಕಿತ್ತು. ಕೊಂಡವರಿಗೆ ಆ ಊರಿನ ಹರಾಜುಗಳ ಏಕಸ್ವಾಮ್ಯ ಸಿಗುತ್ತಿತ್ತು. ಫ್ರೆಂಚ್ ಕ್ರಾಂತಿ ಇಂಥ ಹುದ್ದೆಗಳನ್ನೆಲ್ಲ ಗುಡಿಸಿಹಾಕಿತಾದರೂ, 1801ರಲ್ಲಿ ಪ್ಯಾರಿಸಿಗೆ ಮತ್ತೆ 80 ಮಂದಿ ಹರಾಜು ಅಧಿಕಾರಿಗಳನ್ನು ನೇಮಿಸಿ ಏಕಸ್ವಾಮ್ಯವನ್ನು ಮರಳಿಸಿದರು. 1816ರಿಂದ ಹುದ್ದೆಯಲ್ಲಿದ್ದವರು ತಮ್ಮ ಉತ್ತರಾಧಿಕಾರಿಯನ್ನು ತಾವೇ ಸೂಚಿಸಬಹುದಾಯಿತು. ಹೀಗೆ ಹುದ್ದೆ ಆಸ್ತಿಯಂತೆ ಕೈಯಿಂದ ಕೈಗೆ ದಾಟತೊಡಗಿತು. ಪ್ಯಾರಿಸಿನ ಹರಾಜುಗಳೆಲ್ಲ 1852ರಲ್ಲಿ ತೆರೆದ ‘ಓತೆಲ್ ದ್ರುಓ’ ಎಂಬ ಕಟ್ಟಡದಲ್ಲಿ ಸೇರಿದವು. ಈ ಏಕಸ್ವಾಮ್ಯದಿಂದಾಗಿ ಲಂಡನ್ನಿನ ದೊಡ್ಡ ಹರಾಜು ಮನೆಗಳು ಪ್ಯಾರಿಸಿನಲ್ಲಿ ಒಂದು ಕುರ್ಚಿಯನ್ನೂ ಹರಾಜು ಹಾಕುವಂತಿರಲಿಲ್ಲ. ಐರೋಪ್ಯ ಒಕ್ಕೂಟದ ಒತ್ತಡದಿಂದ 2000ದ ಜುಲೈಯಲ್ಲಿ ಫ್ರಾನ್ಸ್ ಕಾಯ್ದೆಯನ್ನು ಬದಲಿಸಿತು. 2001ರ ನವೆಂಬರಿನಲ್ಲಿ ಸದಬೀಸ್ ಪ್ಯಾರಿಸಿನಲ್ಲಿ ಮೊದಲ ಹರಾಜು ನಡೆಸಿತು. ಸುಮಾರು ನಾಲ್ಕೂವರೆ ಶತಮಾನಗಳ ಕೋಟೆಯ ಬಾಗಿಲು ತೆರೆಯಿತು.

ಬಾಗಿಲು ತೆರೆಯಿತು ನಿಜ, ಹೊಸ್ತಿಲು ಮಾತ್ರ ಎತ್ತರವಾಗಿಯೇ ಉಳಿಯಿತು. ಫ್ರಾನ್ಸಿನಲ್ಲಿ ಹರಾಜುಗಾರರಾಗಬಯಸುವವರು ಕಾನೂನನ್ನೂ ಕಲೆಯ ಇತಿಹಾಸವನ್ನೂ ವಿಶ್ವವಿದ್ಯಾಲಯದಲ್ಲಿ ಓದಿರಬೇಕು. ಆಮೇಲೆ ಬರಹ ಮತ್ತು ಮೌಖಿಕ ಪ್ರವೇಶ ಪರೀಕ್ಷೆ ಗೆದ್ದು, ಎರಡು ವರ್ಷ ಅನುಭವಿಗಳ ಕೈಕೆಳಗೆ ಕೆಲಸ ಕಲಿಯಬೇಕು. ಕಾನೂನು ಏಕೆಂದರೆ ಸುತ್ತಿಗೆ ಬಿದ್ದ ಕ್ಷಣದಲ್ಲಿ ಒಂದು ಕರಾರು ಹುಟ್ಟುತ್ತದೆ. ಕಲೆಯ ಇತಿಹಾಸ ಏಕೆಂದರೆ ಅಟ್ಟದ ಮೇಲೆ ಸಿಕ್ಕ ಚಿತ್ರಪಟ ಹಳೆಯ ಮಹಾನ್ ಕಲಾವಿದನದೋ, ನಕಲೋ ಎಂದು ತಿಳಿಯದಿದ್ದರೆ ಮಾರುವ ಮುದುಕಿಗೂ ಕೊಳ್ಳುವ ಗಿರಾಕಿಗೂ ಒಂದೇ ಏಟಿಗೆ ಅನ್ಯಾಯವಾಗುತ್ತದೆ. ನ್ಯಾಯಾಲಯದ ಆದೇಶದ ಮೇರೆಗೆ ನಡೆಯುವ ಹರಾಜುಗಳಿಗೆ ಬೇರೆ ಅಧಿಕಾರಿಗಳಿದ್ದಾರೆ. 2022ರ ಜುಲೈಯಿಂದ ಆ ಹುದ್ದೆಯನ್ನು ನ್ಯಾಯಾಲಯದ ಅಮೀನರ ಹುದ್ದೆಯೊಂದಿಗೆ ಕೂಡಿಸಲಾಗಿದೆ.

ಅಮೆರಿಕ ಮೂರನೆಯ ದಾರಿ ಹಿಡಿಯಿತು. ಅಲ್ಲಿ ಇಡೀ ದೇಶಕ್ಕೆ ಒಂದೇ ನಿಯಮವಿಲ್ಲ. ಸುಮಾರು ಅರ್ಧದಷ್ಟು ರಾಜ್ಯಗಳು ಪರವಾನಗಿ ಕೇಳುತ್ತವೆ, ಉಳಿದವು ಕೇಳುವುದಿಲ್ಲ. ಟೆಕ್ಸಾಸ್‌ನಲ್ಲಿ ಮಾನ್ಯತೆ ಪಡೆದ ಹರಾಜು ಶಾಲೆಯಲ್ಲಿ 80 ಗಂಟೆಗಳ ಪಾಠ ಕೇಳಿ ಪರೀಕ್ಷೆ ಬರೆಯಬೇಕು. ಹೌದು, ಹರಾಜು ಕೂಗುವುದನ್ನು ಕಲಿಸುವ ಶಾಲೆಗಳೇ ಅಲ್ಲಿವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಯೋವಾ, ಮಿಸ್ಸೌರಿಗಳ ದನದ ಸಂತೆಗಳ ಸೀಮೆಯಲ್ಲಿ ಅವು ಹುಟ್ಟಿದವು. ನಾಲಿಗೆ ತಡವರಿಸದೆ ಅಂಕಿಗಳನ್ನು ಹಾಡಿನಂತೆ ಹೇಳುವ ಅಭ್ಯಾಸದ ಜೊತೆಗೆ ಲೆಕ್ಕ, ಕಾನೂನು, ವೃತ್ತಿಧರ್ಮಗಳನ್ನೂ ಅಲ್ಲಿ ಕಲಿಸುತ್ತಾರೆ. ಟೆಕ್ಸಾಸ್ ಇನ್ನೊಂದು ಕೆಲಸ ಮಾಡಿದೆ. ಪರವಾನಗಿದಾರರಿಂದ ಹಣ ಕೂಡಿಸಿ ಪರಿಹಾರ ನಿಧಿಯೊಂದನ್ನು ಇಟ್ಟಿದೆ. ಹರಾಜುಗಾರ ಮಾರಿದ ಹಣವನ್ನು ನುಂಗಿ ಕೈಯೆತ್ತಿದರೆ, ಸೊತ್ತು ಕಳೆದುಕೊಂಡವರಿಗೆ ಆ ನಿಧಿಯಿಂದ ಒಂದು ಮಿತಿಯೊಳಗೆ ಪರಿಹಾರ ಸಿಗುತ್ತದೆ. ಪುಕ್ಕಟೆಯಾಗಿ ಧರ್ಮಾರ್ಥ ಹರಾಜು ನಡೆಸಿಕೊಡುವವರಿಗೆ ಪರವಾನಗಿ ಬೇಕಿಲ್ಲ. ನಮ್ಮ ಜಾತ್ರೆಯ ತೆಂಗಿನಕಾಯಿಯ ನ್ಯಾಯವೇ ಅಲ್ಲಿಯೂ.

ಬೊಕ್ಕಸ ತುಂಬುವುದು, ಕೆಲವರ ಹಕ್ಕನ್ನು ಕಾಯುವುದು, ನಂಬಿ ಬಂದವರನ್ನು ರಕ್ಷಿಸುವುದು, ಈ ಮೂರೂ ಉದ್ದೇಶಗಳಿಗೆ ಒಂದೇ ಹೆಸರು ‘ಪರವಾನಗಿ’. ಯಾವ ಪರವಾನಗಿಯನ್ನು ಕಂಡರೂ ಅದು ಈ ಮೂರರಲ್ಲಿ ಯಾವುದಕ್ಕಾಗಿ ಇದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ನಮ್ಮಲ್ಲಿ ಏನಿದೆ?

ಭಾರತದಲ್ಲಿ ಎಲ್ಲ ಬಗೆಯ ಹರಾಜುಗಾರರಿಗೂ ಅನ್ವಯಿಸುವ ಒಂದೇ ಪರವಾನಗಿಯಿಲ್ಲ. ಹಳೆಯ ಪೀಠೋಪಕರಣ ಹರಾಜು ಹಾಕುವ ಅಂಗಡಿ ತೆರೆಯುವವರು ಬೇರೆ ಅಂಗಡಿಗಳವರಂತೆ ನೋಂದಣಿ ಮಾಡಿಸಿ, ತೆರಿಗೆ ಕಟ್ಟಿದರೆ ಮುಗಿಯಿತು. ಆದರೆ ಹರಾಜಿನ ನಡವಳಿಕೆಗೆ 1930ರ ಸರಕು ಮಾರಾಟ ಕಾಯ್ದೆಯ 64ನೆಯ ಕಲಮು ಕಟ್ಟುಪಾಡು ಹಾಕಿದೆ. ಸುತ್ತಿಗೆ ಬಿದ್ದಾಗ, ಇಲ್ಲವೇ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಸಾರಿದಾಗ, ಮಾರಾಟ ಪೂರ್ಣವಾಗುತ್ತದೆ. ‘ಒಂದು ಸಲ, ಎರಡು ಸಲ, ಮೂರು ಸಲ’ ಎನ್ನುವ ನಮ್ಮ ಕೂಗಿಗೂ ಹೀಗೆ ಕಾನೂನಿನ ಬೆಂಬಲವಿದೆ. ಅದಕ್ಕೆ ಮೊದಲು ಸವಾಲು ಹಾಕಿದವರು ಹಿಂದೆ ಸರಿಯಬಹುದು. ಮಾರುವವರು ತಾವೂ ಸವಾಲು ಹಾಕುವ ಹಕ್ಕನ್ನು ಮೊದಲೇ ಸಾರಿ ಕಾಯ್ದಿರಿಸಿಕೊಂಡಿರದಿದ್ದರೆ, ತಾವಾಗಲಿ ತಮ್ಮ ಪರವಾಗಿ ಬೇರೆಯವರಾಗಲಿ ಕೂಗುವಂತಿಲ್ಲ. ಬೆಲೆ ಏರಿಸಲು ಸುಳ್ಳು ಸವಾಲು ಹಾಕಿಸಿದರೆ ಕೊಂಡವರು ಮಾರಾಟವನ್ನೇ ರದ್ದುಮಾಡಬಹುದು. ನ್ಯಾಯಾಲಯದ ಹರಾಜುಗಳಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯಿದೆ. ಅಲ್ಲಿ ಹರಾಜು ನಡೆಸುವುದು ನ್ಯಾಯಾಲಯದ ಅಧಿಕಾರಿ ಅಥವಾ ನ್ಯಾಯಾಲಯವೇ ನೇಮಿಸಿದವರು. ಆ ಮಾರಾಟಕ್ಕೆ ಸಂಬಂಧಿಸಿದ ಕರ್ತವ್ಯವಿರುವ ಯಾರೂ ಅದರಲ್ಲಿ ಸವಾಲು ಹಾಕುವಂತಿಲ್ಲ.

ನಮ್ಮಲ್ಲಿ ಪರವಾನಗಿ ಬರುವುದು ವ್ಯಕ್ತಿಯ ಮೇಲಲ್ಲ, ಸರಕಿನ ಮೇಲೆ. ಯಾವ ಸರಕಿನಲ್ಲಿ ಮಾರುವವರು ದುರ್ಬಲರೋ ಅಲ್ಲಿ ಕಟ್ಟುಪಾಡು ಬಿಗಿ. ಇದಕ್ಕೆ ಒಂದು ಕಾರಣವಿದೆ. ಹಿಂದೆ ದೇಶದ ಎಷ್ಟೋ ಪೇಟೆಗಳಲ್ಲಿ ಬೆಲೆ ನಿಗದಿಯಾಗುತ್ತಿದ್ದುದು ವಸ್ತ್ರದ ಕೆಳಗೆ. ದಲಾಲರೂ ವ್ಯಾಪಾರಿಗಳೂ ಒಂದು ಟವೆಲಿನ ಅಡಿಯಲ್ಲಿ ಕೈಗೆ ಕೈ ಸೇರಿಸಿ, ಬೆರಳು ಹಿಸುಕಿ ಬೆಲೆ ಹೇಳಿಕೊಳ್ಳುತ್ತಿದ್ದರು. ಮಾಲು ತಂದ ರೈತ ಪಕ್ಕದಲ್ಲೇ ನಿಂತಿದ್ದರೂ ತನ್ನ ಬೆಳೆಗೆ ಯಾರು ಎಷ್ಟು ಕೇಳಿದರು ಎಂಬುದು ಅವನಿಗೇ ತಿಳಿಯುತ್ತಿರಲಿಲ್ಲ. ಅದರ ಮೇಲೆ ತೂಕದಲ್ಲಿ ಕಡಿತ, ಧರ್ಮಕ್ಕೆಂದು ಕಡಿತ, ಮಾದರಿಗೆಂದು ಒಂದೆರಡು ಹಿಡಿ. 1928ರಲ್ಲಿ ವರದಿ ಕೊಟ್ಟ ರಾಯಲ್ ಕೃಷಿ ಆಯೋಗ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಹೇಳಿತು. 1939ರಲ್ಲಿ ಮುಂಬಯಿ ಪ್ರಾಂತವೂ ಮೈಸೂರು ಸಂಸ್ಥಾನವೂ ಕಾಯ್ದೆ ಮಾಡಿದವು. ಏಕೀಕರಣದ ನಂತರ 1966ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಬಂತು. ಅಡತಿ ಅಂಗಡಿಯವರು, ವ್ಯಾಪಾರಿಗಳು, ತೂಕದವರು, ಹಮಾಲರು ಎಲ್ಲರಿಗೂ ಮಾರುಕಟ್ಟೆ ಸಮಿತಿಯ ಪರವಾನಗಿ ಕಡ್ಡಾಯವಾಯಿತು. ಟವೆಲು ಹೋಗಿ ಬಹಿರಂಗ ಹರಾಜು, ಆಮೇಲೆ ಚೀಟಿಯಲ್ಲಿ ಬೆಲೆ ಬರೆದು ಪೆಟ್ಟಿಗೆಗೆ ಹಾಕುವ ಟೆಂಡರು ಬಂದವು. 2014ರಿಂದ ಕರ್ನಾಟಕದ ಮಾರುಕಟ್ಟೆಗಳನ್ನು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಜೋಡಿಸಿ ಇ-ಟೆಂಡರು ನಡೆಸುವ ವ್ಯವಸ್ಥೆ ಬಂತು. ಮಲೆನಾಡಿನ ಅಡಿಕೆ ಬೆಳೆಗಾರರು ಇನ್ನೊಂದು ಉಪಾಯವನ್ನೂ ಕಂಡುಕೊಂಡಿದ್ದರು. 1923ರಲ್ಲಿ ಶಿರಸಿಯಲ್ಲಿ ಹುಟ್ಟಿದ ತೋಟಗಾರರ ಮಾರಾಟ ಸಂಘದಂಥ ಸಹಕಾರಿ ಸಂಸ್ಥೆಗಳನ್ನು ಕಟ್ಟಿ, ತಮ್ಮ ದಲಾಲರು ತಾವೇ ಆದರು.

ಇನ್ನು ಕೆಲವು ಬೆಳೆಗಳಲ್ಲಿ ಸರ್ಕಾರವೇ ಸುತ್ತಿಗೆ ಹಿಡಿಯಿತು. ಹುಣಸೂರು, ಪಿರಿಯಾಪಟ್ಟಣ ಸೀಮೆಯ ಹೊಗೆಸೊಪ್ಪನ್ನು 1984ರಿಂದ ತಂಬಾಕು ಮಂಡಳಿಯೇ ತನ್ನ ಹರಾಜು ಕಟ್ಟೆಗಳಲ್ಲಿ ಮಾರಿಸುತ್ತದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ನಡೆಸುವುದು ಸರ್ಕಾರಿ ಇಲಾಖೆ. ಅಲ್ಲಿ ಪರವಾನಗಿ ಬೇಕಾಗುವುದು ಗೂಡು ಕೊಳ್ಳುವ ನೂಲು ಬಿಚ್ಚಾಣಿಕೆದಾರರಿಗೆ. ಚಹಾದ ಹರಾಜು ಸಂಘಟಿಸುವವರೂ ದಲ್ಲಾಳಿಗಳೂ ಚಹಾ ಮಂಡಳಿಯ ಅನುಮತಿ ಪಡೆಯಬೇಕು.

ಹರಾಜುಗಾರ ಎಂಬ ಹೆಸರಿನಲ್ಲೇ ಪರವಾನಗಿ ಕೊಡುವ ಸ್ಪಷ್ಟ ಉದಾಹರಣೆಯೆಂದರೆ ಏಲಕ್ಕಿಯದು. 1987ರ ಏಲಕ್ಕಿ ಪರವಾನಗಿ ಮತ್ತು ಮಾರಾಟ ನಿಯಮಗಳಂತೆ ಸಂಬಾರ ಮಂಡಳಿ ಎರಡು ಬಗೆಯ ಪರವಾನಗಿ ಕೊಡುತ್ತದೆ: ಹರಾಜುಗಾರರಿಗೆ ಒಂದು, ಕೊಳ್ಳುವ ವ್ಯಾಪಾರಿಗಳಿಗೆ ಇನ್ನೊಂದು. ಪರವಾನಗಿಯ ಅವಧಿ ಮೂರು ವರ್ಷ. ಇಲ್ಲಿ ಕಂಚಿನ ಕಂಠ ಬೇಕಿಲ್ಲ. ಕೇಳುವುದು ಹಣದ ತಾಕತ್ತು, ಭದ್ರತೆ, ಸರಕು ಇಡಲು ವ್ಯವಸ್ಥೆ, ಸರಿಯಾದ ಲೆಕ್ಕ. ಏಕೆ ಎಂಬುದು ವ್ಯವಹಾರದ ಕ್ರಮವನ್ನು ನೋಡಿದರೆ ಗೊತ್ತಾಗುತ್ತದೆ. ಬೆಳೆಗಾರರು ಒಣಗಿಸಿದ ಏಲಕ್ಕಿಯನ್ನು ತಂದು ಹರಾಜುಗಾರ ಸಂಸ್ಥೆಯ ವಶಕ್ಕೆ ಕೊಡುತ್ತಾರೆ. ಸಂಸ್ಥೆ ತೂಗಿ, ಮಾದರಿ ತೆಗೆದು ವ್ಯಾಪಾರಿಗಳ ಮುಂದೆ ಇಡುತ್ತದೆ. ವ್ಯಾಪಾರಿಗಳು ಕಾಳಿನ ಗಾತ್ರ, ಹಸಿರು, ತೂಕ ನೋಡಿ ಬೆಲೆ ಕೇಳುತ್ತಾರೆ. ತಮಿಳುನಾಡಿನ ಬೋಡಿನಾಯಕನೂರು ಮತ್ತು ಕೇರಳದ ಇಡುಕ್ಕಿ ಜಿಲ್ಲೆಯ ಪುಟ್ಟಡಿಗಳಲ್ಲಿ ಈಗ ಕೂಗು ಇಲ್ಲ. ವ್ಯಾಪಾರಿಗಳು ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ. ಹರಾಜು ಮುಗಿದ ಮೇಲೆ ವ್ಯಾಪಾರಿಯಿಂದ ಹಣ ವಸೂಲು ಮಾಡಿ ಬೆಳೆಗಾರರಿಗೆ ತಲುಪಿಸುವ ಹೊಣೆ ಹರಾಜುಗಾರ ಸಂಸ್ಥೆಯದು. ಸರಕು ಕೈಬಿಟ್ಟ ಗಳಿಗೆಯಿಂದ ಹಣ ಕೈಸೇರುವ ಗಳಿಗೆಯವರೆಗೆ ಬೆಳೆಗಾರರ ವರ್ಷದ ದುಡಿಮೆ ಬೇರೊಬ್ಬರ ಪ್ರಾಮಾಣಿಕತೆಯ ಮೇಲೆ ನಿಂತಿರುತ್ತದೆ. ಪರವಾನಗಿ ಕಾಯಬೇಕಾದದ್ದು ಈ ನಡುವಿನ ದಿನಗಳನ್ನು. ಐಪಿಎಲ್ ತಂಡದ ಒಡೆಯರಿಗೆ ಇಂಥ ರಕ್ಷಣೆ ಬೇಕಿಲ್ಲ. ಅವರ ಬೆನ್ನಿಗೆ ವಕೀಲರಿದ್ದಾರೆ, ಕರಾರುಗಳಿವೆ. ಏಲಕ್ಕಿ ಬೆಳೆಗಾರರ ಬೆನ್ನಿಗಿರುವುದು ಬಹುಪಾಲು ಈ ನಿಯಮವೊಂದೇ.

ಪರವಾನಗಿ ಮಾಡಲಾಗದ್ದು

ಹಾಗೆಂದು ಪರವಾನಗಿ ಎಲ್ಲಕ್ಕೂ ಮದ್ದು ಎಂದು ತಿಳಿಯುವಂತಿಲ್ಲ. ಅಷ್ಟೆಲ್ಲ ಓದಿದ, ಪರೀಕ್ಷೆ ಕೊಟ್ಟ ಫ್ರಾನ್ಸಿನ ಹರಾಜುಗಾರರ ದ್ರುಓದಲ್ಲಿಯೇ 2009ರಲ್ಲಿ ದೊಡ್ಡ ಹಗರಣ ಬಯಲಾಯಿತು. ಹರಾಜಿಗೆ ಬಂದ ವಸ್ತುಗಳನ್ನು ಸಾಗಿಸುವ ಹಮಾಲರ ಕೂಟವೊಂದು, ತಲೆಮಾರುಗಳಿಂದ ಆ ಕೆಲಸದ ಏಕಸ್ವಾಮ್ಯ ಅನುಭವಿಸುತ್ತಿದ್ದದ್ದು, ಬೆಲೆಬಾಳುವ ವಸ್ತುಗಳನ್ನು ಎತ್ತಿಹಾಕುತ್ತಿತ್ತೆಂದು ಪೊಲೀಸರು ಕಂಡುಹಿಡಿದರು. ಆಮೇಲೆ ಹಲವರಿಗೆ ಶಿಕ್ಷೆಯಾಯಿತು. ಲಂಡನ್, ನ್ಯೂಯಾರ್ಕ್‌ಗಳಲ್ಲಿ ಸದಬೀಸ್ ಮತ್ತು ಕ್ರಿಸ್ಟೀಸ್ ಗುಟ್ಟಾಗಿ ಮಾತಾಡಿಕೊಂಡು ತಮ್ಮ ಕಮಿಷನ್ನನ್ನು ನಿಗದಿ ಮಾಡಿದ್ದು ಬೆಳಕಿಗೆ ಬಂದು, 2000ದಲ್ಲಿ ಗಿರಾಕಿಗಳಿಗೆ 51 ಕೋಟಿ 20 ಲಕ್ಷ ಡಾಲರುಗಳ ಪರಿಹಾರ ಒಪ್ಪಬೇಕಾಯಿತು. ಸದಬೀಸ್‌ನ ಅಧ್ಯಕ್ಷರಾಗಿದ್ದ ಆಲ್ಫ್ರೆಡ್ ಟಾಬ್‌ಮನ್ ಜೈಲಿಗೆ ಹೋದರು. ನಮ್ಮಲ್ಲಿ 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದರ ಕುಸಿದಾಗ ರೈತರ ಸಿಟ್ಟು ಮಾರುಕಟ್ಟೆ ಸಮಿತಿಯ ಕಚೇರಿಯ ಮೇಲೆಯೇ ತಿರುಗಿತು, ವಾಹನಗಳು ಸುಟ್ಟುಹೋದವು. ಪರವಾನಗಿಯೂ ಇತ್ತು, ಕಂಪ್ಯೂಟರೂ ಇತ್ತು. ಆದರೆ ಬೆಲೆ ಏಕೆ ಇಳಿಯಿತೆಂದು ಮಾರುವವರಿಗೆ ಮನವರಿಕೆಯಾಗದಿದ್ದರೆ ತೆರೆಯ ಮೇಲಿನ ಅಂಕಿಯೂ ಟವೆಲಿನ ಕೆಳಗಿನ ಬೆರಳಿನಂತೆಯೇ ಕಾಣುತ್ತದೆ.

ಇನ್ನೊಂದು ಮಿತಿ ಇದಕ್ಕಿಂತ ಗಂಭೀರವಾದದ್ದು. ಪರವಾನಗಿ ಮಾರುವ ರೀತಿಯನ್ನು ನೋಡುತ್ತದೆ; ಮಾರುವ ವಸ್ತು ಮಾರತಕ್ಕದ್ದೇ ಎಂದು ಅದು ತಾನಾಗಿ ಕೇಳುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಗುಲಾಮರನ್ನು ಹರಾಜು ಕಟ್ಟೆಯ ಮೇಲೆ ನಿಲ್ಲಿಸಿ ಕೂಗುತ್ತಿದ್ದವರು ಪರವಾನಗಿ ಪಡೆದ ಹರಾಜುಗಾರರೇ. 1859ರ ಮಾರ್ಚ್‌ನಲ್ಲಿ ಜಾರ್ಜಿಯಾದ ಸವಾನಾ ನಗರದ ಬಳಿ ಕುದುರೆ ಪಂದ್ಯದ ಬಯಲಿನಲ್ಲಿ ಎರಡು ದಿನಗಳಲ್ಲಿ ನಾನೂರಕ್ಕೂ ಹೆಚ್ಚು ಜನರನ್ನು ಮಾರಿದರು. ಲೆಕ್ಕ ಚೊಕ್ಕವಾಗಿತ್ತು, ಪಟ್ಟಿ ಅಚ್ಚಾಗಿತ್ತು, ಕರಾರು ಕ್ರಮಬದ್ಧವಾಗಿತ್ತು. ಕಣ್ಣೀರಿನ ದಿನಗಳೆಂದು ಆ ಹರಾಜನ್ನು ಅಲ್ಲಿನ ಕಪ್ಪು ಜನ ಇಂದಿಗೂ ನೆನೆಯುತ್ತಾರೆ.

ಕರ್ನಾಟಕದ ನೆನಪಿನಲ್ಲೂ ಇಂಥದೊಂದು ಹರಾಜು ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ, ಇಂಗ್ಲಿಷ್ ಸೇನಾಧಿಕಾರಿಗಳು ಸಮಿತಿಯೊಂದನ್ನು ಮಾಡಿಕೊಂಡು ಅರಮನೆಯ ಸಂಪತ್ತನ್ನು ಪಟ್ಟಿ ಮಾಡಿದರು. ಕೆಲವನ್ನು ದರ್ಜೆಗೆ ತಕ್ಕಂತೆ ಹಂಚಿಕೊಂಡರು, ಕೆಲವನ್ನು ಹರಾಜು ಹಾಕಿ ಹಣ ಹಂಚಿಕೊಂಡರು. ಟಿಪ್ಪುವಿನ ಶಯನಾಗಾರದ ಖಡ್ಗ ದಾಳಿಯ ಮುಂದಾಳಾಗಿದ್ದ ಡೇವಿಡ್ ಬೇರ್ಡ್‌ನ ಪಾಲಾಯಿತು. ಅದೇ ಖಡ್ಗವನ್ನು 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೊನಾಮ್ಸ್ ಹರಾಜು ಹಾಕಿದಾಗ 1 ಕೋಟಿ 40 ಲಕ್ಷ ಪೌಂಡುಗಳಿಗೂ ಮಿಕ್ಕಿ ಬೆಲೆ ಬಂತು. ಅಲ್ಲಿನ ಕಾನೂನಿನಂತೆ ಎಲ್ಲವೂ ಸರಿಯಾಗಿಯೇ ಇತ್ತು. ಇಂದು ಅಂಥ ಖಡ್ಗ ಭಾರತದಲ್ಲಿ ಯಾರ ಬಳಿಯಾದರೂ ಇದ್ದರೆ ಕಥೆ ಬೇರೆ. 1972ರ ಪುರಾತನ ವಸ್ತುಗಳ ಮತ್ತು ಕಲಾ ನಿಧಿಗಳ ಕಾಯ್ದೆ, ನೂರು ವರ್ಷಕ್ಕೆ ಮೀರಿದ ಪುರಾತನ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕೆನ್ನುತ್ತದೆ. ಅರ್ಜಿದಾರರ ಅನುಭವವನ್ನೂ ಹಿಂದಿನ ಅಪರಾಧಗಳನ್ನೂ ನೋಡುತ್ತದೆ. ದಾಖಲೆ ಇಡಬೇಕೆನ್ನುತ್ತದೆ. ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರ ಹೊರತು ಬೇರೆ ಯಾರೂ ಅವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ ಎನ್ನುತ್ತದೆ. ಆದರೆ ಕಾಯ್ದೆ ಹುಟ್ಟುವ ಮೊದಲೇ ಕಡಲು ದಾಟಿದ ಸೊತ್ತಿಗೆ ಅದರ ಕೈ ಎಟುಕುವುದಿಲ್ಲ. ರೋಮಿನ ಸೈನಿಕರು ಸಿಂಹಾಸನ ಮಾರಿದಾಗ ಕೇಳದೇ ಉಳಿದ ಪ್ರಶ್ನೆ ಶ್ರೀರಂಗಪಟ್ಟಣದಲ್ಲೂ ಕೇಳದೇ ಉಳಿಯಿತು.

ಹಾಗಾದರೆ ಒಳ್ಳೆಯ ಪರವಾನಗಿ ಯಾವುದು? ಇಷ್ಟು ದೇಶಗಳ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿದರೆ ನಾಲ್ಕು ಮಾತು ಉಳಿಯುತ್ತವೆ. ಹರಾಜು ನಡೆಸುವವರು ಯಾರೆಂದು ಎಲ್ಲರಿಗೂ ಕಾಣಬೇಕು. ಇಂಗ್ಲೆಂಡಿನ ಹೆಸರಿನ ಫಲಕ ಕಲಿಸುವುದು ಇದನ್ನು. ಮಾರುವ ವಸ್ತುವಿನ ಗುಣ ಅವರಿಗೆ ತಿಳಿದಿರಬೇಕು. ಫ್ರಾನ್ಸಿನ ಪರೀಕ್ಷೆ ಇದಕ್ಕಾಗಿ. ಹಣ ಮುಳುಗಿದರೆ ತುಂಬಿಕೊಡುವ ಭದ್ರತೆ ಇರಬೇಕು. ಟೆಕ್ಸಾಸಿನ ನಿಧಿಯೂ ಏಲಕ್ಕಿಯ ನಿಯಮವೂ ಮಾಡಹೊರಟಿರುವುದು ಇದನ್ನೇ. ಕೊನೆಯದಾಗಿ, ಪರವಾನಗಿ ಹೊಸಬರನ್ನು ಹೊರಗಿಡುವ ಗೋಡೆಯಾಗಬಾರದು. ನಾಲ್ಕೂವರೆ ಶತಮಾನಗಳ ಪ್ಯಾರಿಸ್ ಇದಕ್ಕೆ ಎಚ್ಚರಿಕೆ.

ಜಾತ್ರೆಯ ತೆಂಗಿನಕಾಯಿ ಕೂಗುವ ಊರಿನ ಹಿರಿಯರಿಗೆ ಈ ನಾಲ್ಕೂ ಇವೆ. ಅವರ ಹೆಸರು ಎಲ್ಲರಿಗೂ ಗೊತ್ತು, ಕಾಯಿ ಎಲ್ಲರ ಕಣ್ಣೆದುರಿಗಿದೆ, ಹಣ ದೇವರ ಹುಂಡಿಗೆ ಹೋಗುವುದನ್ನು ಎಲ್ಲರೂ ನೋಡುತ್ತಾರೆ, ಮುಂದಿನ ವರ್ಷ ಬೇರೆ ಯಾರಾದರೂ ಕೂಗಬಹುದು. ಮಂಡಿಯ ಅಂಗಳದಲ್ಲಿ ಮೂಟೆಯ ಮೇಲೆ ಕುಳಿತು, ಗೋಡೆಯ ಮೇಲಿನ ತೆರೆಯಲ್ಲಿ ತನ್ನ ಲಾಟಿನ ಸಂಖ್ಯೆ ಬರುವುದನ್ನೇ ಕಾಯುವ ರೈತನಿಗೆ ಇಷ್ಟೇ ಸಿಗಬೇಕಾಗಿದೆ. ಅದು ಸಿಕ್ಕರೆ ಪರವಾನಗಿಯ ಕಾಗದಕ್ಕೆ ಬೆಲೆ ಬರುತ್ತದೆ.